ಅರ್ಧಕ್ಕೆ ಇಳಿಸಿದ ನೀರು

ಮೊನ್ನೆ ನಿಮ್ಮಲ್ಲಿ ದೊಡ್ಡವಳು ನನ್ನ ಮಗ್ಗುಲಲ್ಲಿ ಕುಳಿತು ಒಂದು ಮಾತು ಕೇಳಿದಳು.

"ಅಜ್ಜಿ, ಅಮ್ಮ ನಗುವಾಗ ಯಾಕೆ ಬಾಯಿಗೆ ಕೈ ಅಡ್ಡ ಹಿಡೀತಾಳೆ?"

ನಾನು ಅವರೆಕಾಯಿ ಬಿಡಿಸುತ್ತಿದ್ದೆ. "ಅದೊಂದು ಅಭ್ಯಾಸ ಕಣವ್ವ" ಎಂದು ಹೇಳಿ, ಹುಳುಕು ಕಾಳು ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಏಳು ವರ್ಷದ ಮಗುವಿಗೆ ಅಷ್ಟು ಸಾಕಾಯಿತು. ಎದ್ದು ಆಡಲು ಹೋದಳು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಎದುರಿಗೆ ಕುಳಿತು ಹೇಳುವುದು ನನ್ನಿಂದಾಗದು. ನಾಲ್ಕು ಜನರ ಮುಂದೆ ನನ್ನ ದನಿ ಗಂಟಲಿನಿಂದ ಮೇಲೆ ಬರುವುದಿಲ್ಲ, ಮೊದಲಿನಿಂದಲೂ ಹಾಗೆಯೇ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದರಿಂದ ಬರೆಯುವುದೊಂದು ಬರುತ್ತದೆ. ನಿಮ್ಮ ಹಳೆಯ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಇದನ್ನು ಬರೆದಿಡುತ್ತಿದ್ದೇನೆ. ನೀವಿಬ್ಬರೂ ದೊಡ್ಡವರಾದ ಮೇಲೆ ಓದಿರಿ.

ನಿಮ್ಮ ಅಮ್ಮನಿಗಿಂತ ಮೊದಲು ನನಗೊಂದು ಹೆಣ್ಣು ಮಗು ಇತ್ತು. ಈ ಮಾತು ಅಲ್ಲಿಂದಲೇ ಶುರುವಾಗಬೇಕು.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ, ಬಾಗೂರಿಗೆ ನಡೆದು ಹೋಗಿ ಬರುವಷ್ಟು ದೂರ. ಆಗ ಊರಿಗೆಲ್ಲ ಒಂದೇ ಸೇದುವ ಬಾವಿ. ಮಳೆ ಬಂದರೆ ಬೀದಿಯ ನೀರು ಅದಕ್ಕೇ ಇಳಿಯುತ್ತಿತ್ತು. ಹಳೆಯ ಪಂಚೆಯ ತುಂಡನ್ನು ಬಿಂದಿಗೆಯ ಬಾಯಿಗೆ ಕಟ್ಟಿ ಸೋಸುತ್ತಿದ್ದೆವು. ಕಸ ಕಡ್ಡಿ ಬಟ್ಟೆಯ ಮೇಲೆ ನಿಲ್ಲುತ್ತಿತ್ತು, ಕಣ್ಣಿಗೆ ಕಾಣದ್ದು ಒಳಗೆ ಇಳಿಯುತ್ತಿತ್ತು. ಒಂದು ಮಳೆಗಾಲ ಊರಿಗೆ ವಾಂತಿಭೇದಿ ಬಂತು. ಮಗುವಿಗೆ ಎರಡು ವರ್ಷ ತುಂಬಿರಲಿಲ್ಲ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಕೊಡಬೇಡ ಎಂದು ಹಿರಿಯರೆಲ್ಲ ಹೇಳಿದರು. ನಾನೂ ನಂಬಿದೆ.

ಅವಳದೊಂದು ಪುಟ್ಟ ಹಿತ್ತಾಳೆ ಲೋಟ ಇತ್ತು. ನೀರು ಬೇಕಾದಾಗಲೆಲ್ಲ ಅದನ್ನು ನೆಲಕ್ಕೆ ಕುಟ್ಟುತ್ತಿದ್ದಳು. ಟಕ್, ಟಕ್, ಟಕ್. ಅವತ್ತು ಬೆಳಗಿನಿಂದ ಕುಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಸದ್ದು ಸಣ್ಣದಾಯಿತು. ಹೊಸದುರ್ಗದ ಆಸ್ಪತ್ರೆಗೆ ಹೋಗಲು ನಿಮ್ಮ ಅಜ್ಜ ಗಾಡಿಗೆ ಎತ್ತು ಹೂಡುತ್ತಿದ್ದಾಗ ಸದ್ದು ನಿಂತಿತು. ಮಗು ಮಲಗಿತು ಎಂದುಕೊಂಡೆ.

ಅವಳಿಗೆ ನೀರು ಕೊಡಬೇಕಿತ್ತು ಎಂದು ಆಮೇಲೆ ಊರಿಗೆ ಬಂದ ನರ್ಸಮ್ಮ ಹೇಳಿದರು. ಉಪ್ಪು ಸಕ್ಕರೆ ಹಾಕಿ, ಕಾಯಿಸಿ ಆರಿಸಿದ ನೀರನ್ನು ಚಮಚ ಚಮಚವಾಗಿ ಕೊಡುತ್ತಲೇ ಇರಬೇಕಿತ್ತಂತೆ.

ಎರಡು ವರ್ಷದ ಮೇಲೆ ನಿಮ್ಮ ಅಮ್ಮ ಹುಟ್ಟಿದಳು. ಅದೇ ವರ್ಷ ಊರಿಗೆ ಬೋರ್‌ವೆಲ್ ಕೊರೆಸಿ, ಮೋಟಾರು ಕೂರಿಸಿ, ಸಣ್ಣದೊಂದು ಟ್ಯಾಂಕು ಕಟ್ಟಿ ನಾಲ್ಕು ನಲ್ಲಿ ಇಟ್ಟರು. ನಿಮ್ಮ ಅಜ್ಜನನ್ನು ನೀರುಗಂಟಿ ಮಾಡಿದರು. ಬೆಳಿಗ್ಗೆ ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಹೊತ್ತಿಗೆ ಸರಿಯಾಗಿ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವುದು ಅವರ ಕೆಲಸ. ಬಾವಿಯ ನೀರು ಕುಡಿದು ಮಗು ಹೋದ ಮನೆಯವರು ಅವರು. ಪಾತಾಳದಿಂದ ಬಂದ ನೀರಿಗೆ ಕಸವಿಲ್ಲ, ರೋಗವಿಲ್ಲ ಎಂದು ನಂಬಿ, ಆ ಕೆಲಸವನ್ನು ಪೂಜೆಯ ಹಾಗೆ ಮಾಡುತ್ತಿದ್ದರು. ವಾಲ್ವು ತಿರುಗಿಸುವ ಮುಂಚೆ ಹಣೆಗೆ ವಿಭೂತಿ ಇರಲೇಬೇಕು.

ನಮ್ಮ ಎದುರುಮನೆಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ಅಕ್ಕ ಇದ್ದಳು. ಬಾಯಿ ಜೋರು. ನಲ್ಲಿ ಬಂದ ಮೊದಲ ವರ್ಷವೇ ನಿಮ್ಮ ಅಜ್ಜನ ಮೇಲೆ ಜಗಳ ತೆಗೆದಳು. ಅವಳ ಸರದಿ ಬಂದಾಗಲೇ ನೀರು ನಿಂತಿತಂತೆ.

"ನನ್ನ ಕೊಡ ಇಟ್ಟ ತಕ್ಷಣ ವಾಲ್ವು ತಿರುಗಿಸ್ತೀಯೇನೋ? ಇದೇನು ನಿಮ್ಮಪ್ಪನ ಗಂಗಮ್ಮನಾ?"

"ಟ್ಯಾಂಕು ಬರಿದಾತು ಕಣಕ್ಕ, ನಾನೇನು ಬಾಯಾಗೆ ಉಗುಳಿ ತುಂಬಿಸ್ಲಾ?" ಎಂದರು ನಿಮ್ಮ ಅಜ್ಜ.

ಆ ಮಾತಿಗೆ ಅವಳು ಖಾಲಿ ಕೊಡವನ್ನು ಬೀದಿಯಲ್ಲಿ ಬೋರಲು ಹಾಕಿದಳು. "ಇವತ್ತಿಂದ ನೀನು ಬಿಟ್ಟ ನೀರು ನನ್ನ ಮಕ್ಕಳ ಬಾಯಿಗೆ ಬಿದ್ರೆ ಕೇಳು." ಅಂದಿನಿಂದ ಅವಳು ಊರಾಚೆಯ ತನ್ನ ಹೊಲದ ಬಾವಿಯಿಂದ ಕುಡಿಯುವ ನೀರು ಹೊತ್ತಳು. ಊರೇ ನಕ್ಕಿತು. ಮನೆಯ ಮುಂದೆ ನಲ್ಲಿ ಇಟ್ಟುಕೊಂಡು ಒಂದು ಮೈಲಿ ನಡೆಯುವವಳು ಎಂದು ನಾನೂ ಒಳಗೊಳಗೆ ನಕ್ಕೆ. ಜಗಳ ನಿಮ್ಮ ಅಜ್ಜನ ಜೊತೆ ಮಾತ್ರ. ನನ್ನ ಹತ್ತಿರ ಬಂದು ಕುಳಿತು ಮಾತಾಡುತ್ತಿದ್ದಳು, ಮಜ್ಜಿಗೆಯನ್ನೂ ಕುಡಿಯುತ್ತಿದ್ದಳು. ನೀರು ಕೊಟ್ಟರೆ ಮಾತ್ರ ಲೋಟ ಹಿಂದೆ ಸರಿಸುತ್ತಿದ್ದಳು.

ನಾನು ಆ ನಲ್ಲಿಯ ನೀರನ್ನೂ ನಂಬಲಿಲ್ಲ. ಕಾಯಿಸಿ ಕೊಡಿ ಎಂದು ನರ್ಸಮ್ಮ ಹೇಳಿದ್ದರಲ್ಲ, ಆ ಮಾತು ಕಿವಿಯಲ್ಲಿತ್ತು. ಆದರೆ ಎಷ್ಟು ಕಾಯಿಸಬೇಕು ಎಂದು ನಾನು ಕೇಳಿಕೊಂಡಿರಲಿಲ್ಲ. ಕೇಳಲು ನಾಚಿಕೆ. ಅದನ್ನು ಹೇಳಿಕೊಟ್ಟವರು ನಮ್ಮ ಅತ್ತೆ. ಊರಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾರು ಬಾಣಂತಿಯಾದರೂ ಅವರೇ ಕಷಾಯ ಮಾಡಬೇಕು. ಅವರ ಲೆಕ್ಕದಲ್ಲಿ ಒಲೆಯ ಮೇಲಿಟ್ಟದ್ದು ಅರ್ಧಕ್ಕೆ ಇಳಿದರೆ ಮದ್ದು, ಕಾಲು ಭಾಗಕ್ಕೆ ಇಳಿದರೆ ದೊಡ್ಡ ಮದ್ದು.

"ಬರೀ ಗುಳ್ಳೆ ಬಂದ್ರೆ ಅದು ಸ್ನಾನದ ನೀರು ಕಣೇ" ಎಂದರು ಅತ್ತೆ. "ಮಗೀಗೆ ಕುಡಿಸಾದು ಅಂದ್ರೆ ಅರ್ಧಕ್ಕೆ ಬರಬೇಕು. ಕೆಟ್ಟದ್ದೆಲ್ಲ ಹಬೆಯಾಗಿ ಹೋಗ್ತೈತೆ."

ಹೀಗೆ ದಿನವೂ ಸಾಯಂಕಾಲ ಮಗುವಿನ ಪಾತ್ರೆ ಒಲೆ ಏರುತ್ತಿತ್ತು. ಕೋಲಿನಲ್ಲಿ ಗುರುತು ಮಾಡಿಕೊಂಡಿದ್ದೆ. ನೀರು ಕುದಿಯತೊಡಗಿದರೆ ಪಾತ್ರೆಯ ಮುಚ್ಚಳ ಕುಣಿಯುತ್ತದೆ, ನೀವೂ ಕೇಳಿರುತ್ತೀರಿ. ನನಗೆ ಆ ಸದ್ದು ಮುಚ್ಚಳದ ಸದ್ದಾಗಿ ಕೇಳಲೇ ಇಲ್ಲ. ಟಕ್, ಟಕ್, ಟಕ್. ಬೆನ್ನ ಹಿಂದೆ ಆ ಮಗು ನೆಲದ ಮೇಲೆ ಕುಳಿತು ಲೋಟ ಕುಟ್ಟುತ್ತಿದೆ ಎನಿಸುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ಮುಚ್ಚಳವನ್ನು ಓರೆ ಮಾಡಿ ಇಡುತ್ತಿದ್ದೆ. ಹಬೆ ಹೋಗಲಿ, ಇನ್ನೂ ಸ್ವಲ್ಪ ಇಳಿಯಲಿ, ಇವಳಿಗಾದರೂ ಒಳ್ಳೆಯ ನೀರು ಸಿಗಲಿ ಎಂದು ಮತ್ತೆ ಒಂದು ಸೌದೆ ಒಳಗೆ ತಳ್ಳುತ್ತಿದ್ದೆ. ಅರ್ಧದ ಗುರುತು ದಾಟಿ ಕೆಳಗಿಳಿದ ದಿನಗಳೂ ಇದ್ದವು. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತಿತ್ತು. ವಾರಕ್ಕೊಮ್ಮೆ ಚಮಚದಲ್ಲಿ ಕೆರೆದು, ನೋಡು ಎಷ್ಟು ಕೊಳೆ ತೆಗೆದೆ ಎಂದು ಹೆಮ್ಮೆಪಡುತ್ತಿದ್ದೆ.

ನಿಮ್ಮ ಅಮ್ಮನಿಗೆ ನಾಲ್ಕು ವರ್ಷವಾದಾಗ ನಿಮ್ಮ ಅಜ್ಜ ಚಿತ್ರದುರ್ಗಕ್ಕೆ ಹೋದವರು ಒಂದು ಫಿಲ್ಟರ್ ತಂದರು. ಎರಡು ಅಂತಸ್ತಿನ ಸ್ಟೀಲ್ ಡಬ್ಬಿ, ಮೇಲಿನದರೊಳಗೆ ಬಿಳಿ ಮಣ್ಣಿನ ಎರಡು ಕ್ಯಾಂಡಲ್, ಕೆಳಗಿನದಕ್ಕೊಂದು ಪುಟ್ಟ ನಲ್ಲಿ. ನಮ್ಮ ಊರಿಗೆ ಅದೇ ಮೊದಲನೆಯದು. ಕಾಯಿಸಿ ಆರಿಸಿದ ನೀರನ್ನು ಮೇಲೆ ಸುರಿದರೆ ಕೆಳಗೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ನೋಡಲು ಹೆಂಗಸರೆಲ್ಲ ಬಂದರು. ಎದುರುಮನೆ ಅಕ್ಕ ಬಗ್ಗಿ, ಕಿವಿ ಇಟ್ಟು ಕೇಳಿದಳು.

"ಇದೇನೇ ಇದು, ಮುದುಕನ ಮೂಗು ಸೋರಿದಂಗೆ ಸೋರ್ತೈತೆ! ಒಂದು ಲೋಟ ತುಂಬೋ ಹೊತ್ತಿಗೆ ಬಂದ ನೆಂಟರು ವಾಪಸ್ ಊರು ಸೇರಿರ್ತಾರೆ." ಅವಳು ಅಂದದ್ದು ಇದಕ್ಕಿಂತ ಒರಟಾಗಿತ್ತು, ಅದನ್ನು ನಾನು ಬರೆಯಲಾರೆ.

ನಿಮ್ಮ ಅಜ್ಜ ಮಾತ್ರ ಆ ನೀರನ್ನು ಮುಟ್ಟುತ್ತಿರಲಿಲ್ಲ. "ನಿನ್ನ ಕಷಾಯ ನೀನೇ ಕುಡಿಯೇ. ನನಗೆ ಊರಿಗೆ ಬಿಟ್ಟ ನೀರೇ ಇರ್ಲಿ" ಎಂದು ನಲ್ಲಿಗೇ ಬಾಯಿ ಕೊಡುತ್ತಿದ್ದರು. ಹಾಗಾಗಿ ಕಾಯಿಸಿದ್ದು, ಸೋಸಿದ್ದು ಎಲ್ಲವೂ ಒಬ್ಬಳಿಗೇ. ಶಾಲೆಗೆ ಹೋಗುವಾಗಲೂ ಬಾಟಲಿಯಲ್ಲಿ ತುಂಬಿ ಕೊರಳಿಗೆ ಹಾಕುತ್ತಿದ್ದೆ. ಬೇರೆ ಕಡೆ ಒಂದು ಗುಟುಕು ಕುಡಿದರೂ ಬೆನ್ನ ಮೇಲೆ ಬೀಳುತ್ತಿತ್ತು.

ಅವಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬರುವಾಗಲೇ ಸುಣ್ಣದ ಬಣ್ಣ. ಆಮೇಲೆ ಅಡ್ಡಡ್ಡಕ್ಕೆ ಕಂದು ಗೆರೆ ಎದ್ದವು. ಮುಂದಿನ ಎರಡು ಹಲ್ಲಿನಲ್ಲಿ ಸೂಜಿ ಮೊನೆಯಷ್ಟು ಗುಳಿಗಳು. ಬೀದಿಯ ಬೇರೆ ಮಕ್ಕಳ ಹಲ್ಲಿನಲ್ಲೂ ಅಲ್ಲಲ್ಲಿ ಬಿಳಿ ಮಚ್ಚೆ ಇತ್ತು, ಆದರೆ ಹೀಗೆ ಯಾರದ್ದೂ ಇರಲಿಲ್ಲ. ಎದುರುಮನೆ ಅಕ್ಕನ ಮಕ್ಕಳ ಹಲ್ಲಂತೂ ಬಿಡಿಸಿದ ಬೆಳ್ಳುಳ್ಳಿಯ ಹಾಗೆ ಹೊಳೆಯುತ್ತಿತ್ತು.

ನಾನು ಏನು ಮಾಡಿದೆ ಎಂದು ಬರೆಯುವುದು ಕಷ್ಟ. ನಿಮ್ಮ ಅಮ್ಮ ಹಲ್ಲು ಸರಿಯಾಗಿ ಉಜ್ಜುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ತಲೆಯನ್ನು ಮೊಣಕಾಲಿನ ನಡುವೆ ಹಿಡಿದು, ಇದ್ದಿಲ ಪುಡಿಗೆ ಉಪ್ಪು ಸೇರಿಸಿ ನನ್ನ ಬೆರಳಿನಿಂದಲೇ ಉಜ್ಜುತ್ತಿದ್ದೆ. ವಸಡಿನಲ್ಲಿ ರಕ್ತ ಬರುತ್ತಿತ್ತು.

"ಕೊಳಕಿ. ನೋಡು ಎದುರುಮನೆ ಮಕ್ಕಳನ್ನ. ನಿಂಗೇನು ಬಂದೈತೆ?"

"ಉಜ್ಜಿದ್ನವ್ವ" ಎನ್ನುತ್ತಿದ್ದಳು ಬಾಯಿತುಂಬ ಕರಿ ನೀರು ಇಟ್ಟುಕೊಂಡು. "ಆಣೆಗೂ ಉಜ್ಜಿದ್ನವ್ವ."

ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಅವಳು ಕಲಿತದ್ದು ಆ ದಿನಗಳಲ್ಲಿ.

ಅವಳಿಗೆ ಒಂಬತ್ತು ವರ್ಷ ಇದ್ದಾಗ, ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು, ಚಿತ್ರದುರ್ಗದ ಕಡೆಯಿಂದ ನೀರು ಪರೀಕ್ಷೆ ಮಾಡುವವರು ನಾಲ್ಕು ಜನ ಬಂದರು. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳ ಹಲ್ಲು ನೋಡಿ, ಮಧ್ಯಾಹ್ನ ಮನೆ ಮನೆಗೆ ಬಂದರು. ನಮ್ಮ ಮನೆಗೆ ಬಂದದ್ದು ಕಾಲೇಜು ಓದುವ ವಯಸ್ಸಿನ ಒಬ್ಬ ಹುಡುಗಿ. ಗಾಜಿನ ಸಣ್ಣ ನಳಿಗೆಯಲ್ಲಿ ನಮ್ಮ ನಲ್ಲಿಯ ನೀರು ಹಾಕಿ, ಬಾಟಲಿಯಿಂದ ಗುಲಾಬಿ ಬಣ್ಣದ ಔಷಧ ಬಿಟ್ಟಳು. ಒಳ್ಳೆಯ ನೀರಾದರೆ ಗುಲಾಬಿ ಹಾಗೇ ಉಳಿಯುತ್ತದೆ, ಫ್ಲೋರೈಡು ಇದ್ದಷ್ಟೂ ಹಳದಿಗೆ ತಿರುಗುತ್ತದೆ ಎಂದಳು. ನಮ್ಮದು ಹಳದಿ ಮಿಶ್ರವಾದ ಬಣ್ಣಕ್ಕೆ ಬಂತು.

"ಈ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ ಅಕ್ಕ. ಮಕ್ಕಳ ಹಲ್ಲು ಕೆಡುತ್ತೆ. ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆ, ಕುತ್ತಿಗೆ, ಬೆನ್ನು ಹಿಡಿದುಕೊಳ್ಳುತ್ತೆ."

ನನಗೆ ಯಾವತ್ತೂ ಬಾರದ ಧೈರ್ಯ ಅವತ್ತು ಬಂತು. "ನಾವು ಹಂಗೇ ಕುಡಿಸಲ್ಲವ್ವ" ಎಂದು ಒಳಗೆ ಹೋಗಿ ಫಿಲ್ಟರಿನಿಂದ ಒಂದು ಲೋಟ ನೀರು ತಂದು ಮುಂದಿಟ್ಟೆ. ಅವಳು ನಗುತ್ತಲೇ ಇನ್ನೊಂದು ನಳಿಗೆಗೆ ಹಾಕಿ ಔಷಧ ಬಿಟ್ಟಳು. ಗುಲಾಬಿ ಒಂದು ಕ್ಷಣವೂ ನಿಲ್ಲಲಿಲ್ಲ. ಅರಿಶಿನ ಕಲಸಿದ ಹಾಗೆ ಪೂರ್ತಿ ಹಳದಿ. ಅವಳ ನಗು ನಿಂತಿತು. ನಳಿಗೆ ತೊಳೆದು ಮತ್ತೊಮ್ಮೆ ಮಾಡಿದಳು. ಮತ್ತೆ ಅದೇ.

"ಇದನ್ನ ಏನು ಮಾಡ್ತೀರಿ?"

ಹೇಳಿದೆ. ಅರ್ಧಕ್ಕೆ ಇಳಿಸುವುದನ್ನು, ಕೋಲಿನ ಗುರುತನ್ನು, ಕ್ಯಾಂಡಲ್ ತೊಳೆಯುವುದನ್ನು.

ಅವಳು ನನ್ನ ಒಲೆಯ ಕಡೆ ನೋಡಿ ಕೇಳಿದಳು. "ಅಕ್ಕ, ಸಾರಿಗೆ ಸರಿಯಾಗಿ ಉಪ್ಪು ಹಾಕಿದ್ದೀರಿ. ಮರೆತು ಒಲೆ ಮೇಲೇ ಬಿಟ್ಟಿರಿ, ಅರ್ಧ ಆಯಿತು. ಏನಾಗುತ್ತೆ?"

"ಉಪ್ಪಾಗ್ತೈತೆ."

"ಇದೂ ಹಾಗೇನೆ. ನೀರು ಹಬೆಯಾಗಿ ಹೋಗುತ್ತೆ, ಫ್ಲೋರೈಡ್ ಹೋಗಲ್ಲ. ಅರ್ಧ ನೀರಲ್ಲಿ ಪೂರ್ತಿ ಉಳಿಯುತ್ತೆ. ಕ್ಯಾಂಡಲ್ಲು ಮಣ್ಣು, ಕಸ ಹಿಡಿಯುತ್ತೆ, ಇದನ್ನ ಹಿಡಿಯಲ್ಲ."

ಅವಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ತಲೆ ಎತ್ತದೆ ಕೇಳಿದಳು. "ಬೆಳಿಗ್ಗೆ ಶಾಲೇಲಿ ಒಂದು ಹುಡುಗಿ ನೋಡಿದೆ. ಎರಡು ಜಡೆ, ಕೊರಳಲ್ಲಿ ನೀರಿನ ಬಾಟಲಿ. ಬಾಯಿ ತೆಗೆಯೋಕೆ ಒಪ್ಪಲೇ ಇಲ್ಲ, ಅತ್ತುಬಿಟ್ಟಳು. ಅವಳದೇ ಎಲ್ಲರಿಗಿಂತ ಜಾಸ್ತಿ ಆಗಿದ್ದು. ಅವಳು..."

"ನನ್ನ ಮಗಳು" ಎಂದೆ.

ಅವಳು ಪುಸ್ತಕ ಮುಚ್ಚಿದಳು. ಹೋಗುವಾಗ ಬೇರೆ ನೀರು ಹುಡುಕಿರಿ, ತೆರೆದ ಬಾವಿಯದಾದರೆ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಮುಚ್ಚಿ, ಚೆನ್ನಾಗಿ ಒಂದು ಕುದಿ ಬಂದ ತಕ್ಷಣ ಇಳಿಸಿಬಿಡಿ ಎಂದಳು. ಎದುರುಮನೆಯ ಹೊಲದ ಬಾವಿಯ ನೀರಿನಲ್ಲಿ ಗುಲಾಬಿ ಬಣ್ಣ ಹಾಗೇ ಉಳಿಯಿತಂತೆ. ಒಂದು ಜಗಳ ಆ ಮಕ್ಕಳ ಹಲ್ಲು ಕಾದಿತ್ತು.

ಸಾಯಂಕಾಲ ಊರಿನವರನ್ನು ಸೇರಿಸಿ ಬೋರಿನ ನೀರಿನ ವಿಷಯ ಹೇಳಿದರು. ಕಾಯಿಸುವ ಮಾತು ಅಲ್ಲಿ ಬರಲಿಲ್ಲ, ನನ್ನ ಹಾಗೆ ಕಾಯಿಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಅದು ಆ ಹುಡುಗಿಗೂ ನನಗೂ ಮಾತ್ರ ಗೊತ್ತು. ಆಮೇಲೆ ನಿಮ್ಮ ಅಜ್ಜನಿಗೆ ಹೇಳಿದೆ.

ಅವರು ಬಹಳ ಹೊತ್ತು ಕೈಯಲ್ಲಿದ್ದ ವಾಲ್ವಿನ ಬೀಗದ ಕೈಯನ್ನೇ ನೋಡುತ್ತಿದ್ದರು. "ನೀನು ಒಂದು ಮನೆಗೆ ಕೊಟ್ಟೆ, ನಾನು ಇಡೀ ಊರಿಗೆ ಬಿಟ್ಟೆ" ಎಂದರು. ಆಮೇಲೆ, "ಮಗೀಗೆ ಹೇಳಬ್ಯಾಡ. ಹೇಳಿದ್ರೆ ಹಲ್ಲು ಬೆಳ್ಳಗಾಗ್ತವಾ? ಅವ್ವನೇ ಮಾಡಿದ್ಲು ಅಂತ ಒಂದು ನೋವು ಜಾಸ್ತಿ."

ನನಗೂ ಅದೇ ಬೇಕಿತ್ತು. ಹೇಳದೆ ಇರಲು ಒಂದು ಕಾರಣ ಸಿಕ್ಕಿತು.

ಮಾರನೆಯ ದಿನದಿಂದ ನಾನು ಎದುರುಮನೆಯ ಹೊಲದ ಬಾವಿಗೆ ಹೋದೆ. ಅಕ್ಕ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಬಾರಮ್ಮ, ನೀರುಗಂಟಿ ಹೆಂಡ್ತಿ! ಊರಿಗೆಲ್ಲ ಗಂಗೆ ಹರಿಸೋ ಮನೆಯೋರು ನಮ್ಮ ಬಾವಿಗೆ ಬಂದ್ರಲ್ಲಪ್ಪ." ನಾನು ಕೊಡ ಹಿಡಿದು ನಿಂತೇ ಇದ್ದೆ. ನನ್ನ ಮುಖದಲ್ಲಿ ಏನು ಕಂಡಳೋ, ಹತ್ತಿರ ಬಂದು ಕೊಡ ಕಸಿದುಕೊಂಡು ತಾನೇ ಸೇದಿ ತುಂಬಿದಳು. "ದಿನಾ ಬಾ. ನಿನ್ನ ಗಂಡನಿಗೆ ಮಾತ್ರ ಕೊಡಬ್ಯಾಡ" ಎಂದಳು.

ಇದ್ದಿಲು ಉಜ್ಜುವುದನ್ನು ಬಿಟ್ಟೆ. ನಿಮ್ಮ ಅಮ್ಮ ಬಿಡಲಿಲ್ಲ. ನಾನು ಏಳುವ ಮುಂಚೆಯೇ ಎದ್ದು ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಒಬ್ಬಳೇ ಉಜ್ಜಿಕೊಳ್ಳುತ್ತಿದ್ದಳು. ಒಳಗೆ ಮಲಗಿದ ನನಗೆ ಆ ಸದ್ದು ಕೇಳುತ್ತಿತ್ತು. ಎದ್ದು ಹೋಗಿ "ನಿಂದೇನೂ ತಪ್ಪಿಲ್ಲ ಕಣೇ" ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಿದರೆ ಮತ್ತೆ ಯಾರದು ಎಂದು ಕೇಳುತ್ತಾಳಲ್ಲ. ಹತ್ತು ವರ್ಷ ನಾನು ಆ ಸದ್ದು ಕೇಳುತ್ತಾ ಮಲಗಿದ್ದೆ.

ನಿಮ್ಮ ಅಜ್ಜ ಬೇರೆ ನೀರು ಕುಡಿಯಲಿಲ್ಲ. ಬೇರೆ ಬೋರು ಬರುವವರೆಗೆ ನೀರು ಬಿಡುವ ಕೆಲಸವನ್ನೂ ಬಿಡಲಿಲ್ಲ. "ಜನಕ್ಕೆ ಬಿಡಾದು ಒಂದು, ನಾನು ಕುಡಿಯಾದು ಒಂದಾ?" ಎನ್ನುತ್ತಿದ್ದರು. ಕೊನೆಕೊನೆಗೆ ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ನಿಮ್ಮ ಅಮ್ಮನ ಮದುವೆಯಾದ ಮುಂದಿನ ವರ್ಷ ಜ್ವರ ಬಂದು ಎಂಟೇ ದಿನಕ್ಕೆ ಹೋದರು. ಹೋಗುವ ಮುಂಚೆ ನೀರು ಕೇಳಿದರು. ಬಾವಿಯ ನೀರು ಬಾಯಿಗೆ ಹಿಡಿದೆ. ತುಟಿ ಬಿಗಿಹಿಡಿದು, "ನನ್ನ ನೀರು ಕೊಡೇ" ಎಂದರು. ನಲ್ಲಿಯಿಂದ ತಂದು ಎರಡು ಚಮಚ ಬಿಟ್ಟೆ. ಹಾಗೆ, ಗುಟ್ಟು ಗೊತ್ತಿದ್ದ ಇನ್ನೊಬ್ಬರೂ ಹೋದರು. ಅದನ್ನು ಹೊರಲು ನಾನೊಬ್ಬಳೇ ಉಳಿದೆ.

ನಿಮ್ಮಲ್ಲಿ ದೊಡ್ಡವಳು ಹುಟ್ಟಿದ್ದು ನನ್ನ ಮನೆಯಲ್ಲಿ. ಐದು ತಿಂಗಳ ಬಾಣಂತನ ಮುಗಿಸಿ ನಿಮ್ಮ ಅಮ್ಮ ಹೊಳಲ್ಕೆರೆಗೆ ಬಂದಳು. ನಿಮ್ಮ ಅಪ್ಪ ಅಲ್ಲಿ ಶಾಲೆಯೊಂದರಲ್ಲಿ ಗುಮಾಸ್ತರು. ಮಗುವಿಗೆ ಎಂಟು ತಿಂಗಳಾದಾಗ ನೋಡಿಕೊಂಡು ಹೋಗಲು ನಾನು ಬಸ್ಸು ಹತ್ತಿ ಬಂದೆ. ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ ಕುಳಿತಿದ್ದೆ. ಅಡುಗೆಮನೆಯಿಂದ ಆ ಸದ್ದು ಬಂತು.

ಟಕ್, ಟಕ್, ಟಕ್.

ಎದ್ದು ಹೋದೆ. ಗ್ಯಾಸ್ ಒಲೆಯ ಮೇಲೆ ಸ್ಟೀಲ್ ಪಾತ್ರೆ. ಮುಚ್ಚಳವನ್ನು ನಾನು ಇಡುತ್ತಿದ್ದ ಹಾಗೆಯೇ ಓರೆಯಾಗಿ ಇಟ್ಟಿದ್ದಳು. ಪಕ್ಕದಲ್ಲಿ ಗುರುತು ಮಾಡಿದ ಒಂದು ಕೋಲು.

"ರಾಗಿ ಸರಿಗೆ ನೀರವ್ವ" ಎಂದಳು ನಿಮ್ಮ ಅಮ್ಮ. "ಇಲ್ಲೂ ಬೋರಿನ ನೀರೇ. ಆದ್ರೆ ನಾನೇನು ಹಂಗೇ ಹಾಕಲ್ಲ. ನೀನು ಮಾಡ್ತಿದ್ದಂಗೇ, ಅರ್ಧಕ್ಕೆ ಬರೋ ತನಕ ಬಿಡಲ್ಲ." ಹೇಳಿ ನಕ್ಕಳು. ಕೈ ಬಾಯಿಗೆ ಹೋಯಿತು.

ಪಾತ್ರೆಯೊಳಗೆ ಇಣುಕಿದೆ. ಬಿಳಿಯ ಪದರ ಕಟ್ಟಿತ್ತು.

ಬಾಯಿ ತೆರೆದೆ, ಮಾತು ಬರಲಿಲ್ಲ. ಮೂರು ದಿನ ಬರಲಿಲ್ಲ. ಆ ಮೂರು ದಿನ ಕಳ್ಳಿಯ ಹಾಗೆ ಬದುಕಿದೆ. ಅವಳು ಸ್ನಾನಕ್ಕೆ ಹೋದಾಗ ಕಾಯಿಸಿಟ್ಟ ನೀರನ್ನು ಹಿಂದಿನ ನುಗ್ಗೆಗಿಡಕ್ಕೆ ಚೆಲ್ಲಿ, ಬೀದಿಯ ಕೊನೆಯ ಮನೆಯ ತೆರೆದ ಬಾವಿಯಿಂದ ತಂದ ನೀರನ್ನು ಒಂದು ಕುದಿ ಬರಿಸಿ ಅದೇ ಪಾತ್ರೆಗೆ ತುಂಬುತ್ತಿದ್ದೆ. ಹೀಗೆ ಎಷ್ಟು ದಿನ? ನಾನು ಊರಿಗೆ ಹೋದ ಮೇಲೆ? ಆ ಬಾವಿಯ ನೀರಾದರೂ ಒಳ್ಳೆಯದೆಂದು ನನಗೆ ಯಾರು ಹೇಳಿದ್ದರು? ಮತ್ತೆ ಗೊತ್ತಿಲ್ಲದ ನೀರನ್ನೇ ಇನ್ನೊಂದು ಮಗುವಿಗೆ ಕೊಡುತ್ತಿದ್ದೆ.

ನಾಲ್ಕನೆಯ ಬೆಳಿಗ್ಗೆ ನುಗ್ಗೆಗಿಡದ ಬುಡದಲ್ಲಿ ಸಿಕ್ಕಿಬಿದ್ದೆ.

"ಅವ್ವ! ಒಂದು ತಾಸು ಕಾಯಿಸಿದ ನೀರು ಅದು! ನಿಂಗೇನು ತಲೆ ಕೆಟ್ಟೈತಾ?"

ಆಗ ಹೇಳಿದೆ. ಅವಳ ಮುಖ ನೋಡದೆ, ಒದ್ದೆಯಾದ ಮಣ್ಣು ನೋಡುತ್ತಾ, ಆ ಹುಡುಗಿ ಸಾರಿನ ಉಪ್ಪಿನ ಲೆಕ್ಕ ಹೇಳಿದಂತೆಯೇ ಹೇಳಿದೆ.

ಅವಳು ಕೇಳಿದಳು. "ನಿಂಗೆ ಯಾವಾಗ ಗೊತ್ತಾತು?"

"ನೀನು ನಾಲ್ಕನೇ ಕ್ಲಾಸಿದ್ದೆ."

"ಅಪ್ಪಂಗೆ?"

"ಗೊತ್ತಿತ್ತು."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಎಲ್ರೂ ನೀರಿಂದ ಅಂತಿದ್ರು. ನಾನು ನಂಬಲಿಲ್ಲ ಗೊತ್ತಾ? ಅವರೆಲ್ಲ ನಲ್ಲಿ ನೀರು ಕುಡಿದೋರು, ನಾನು ನಮ್ಮವ್ವ ಕಾಯಿಸಿದ್ದು ಕುಡಿದೋಳು. ನಂದು ನೀರಿಂದ ಆಗಿರಾಕೆ ಸಾಧ್ಯಾನೇ ಇಲ್ಲ, ನಾನೇ ಕೊಳಕಿ ಅಂದ್ಕಂಡಿದ್ದೆ." ಅವಳ ದನಿ ಏರಲಿಲ್ಲ. "ನೀನು ಕಾಯಿಸಿದ್ದಕ್ಕೆ ನಂಗೇನಿಲ್ಲವ್ವ. ಇವತ್ತೂ ಬೆಳಿಗ್ಗೆ ಎರಡು ಸಲ ಉಜ್ಜಿದೀನಲ್ಲ, ಅದು..."

ಮಾತು ಮುಗಿಸದೆ ಒಳಗೆ ಹೋಗಿ ಪಾತ್ರೆಯನ್ನು ಬೋರಲು ಹಾಕಿದಳು. ಕೋಲನ್ನು ಮುರಿದು ಕಸಕ್ಕೆ ಎಸೆದಳು.

ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟಕ್ಕೆ ತಟ್ಟೆ ಇಡುತ್ತಿದ್ದಳು, ಅಷ್ಟೆ. ನಿಮ್ಮ ಅಪ್ಪ ನಲ್ಲಿಯದೊಂದು, ಬಾವಿಯದೊಂದು ಬಾಟಲಿ ನೀರನ್ನು ಚಿತ್ರದುರ್ಗಕ್ಕೆ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬಂದರು. ಬಾವಿಯದು ಕುಡಿಯಬಹುದು, ನಲ್ಲಿಯದು ಬೇಡ ಎಂದು ಬಂತು. ಅದನ್ನು ಕೇಳಿದ ಮೇಲೆ ನಿಮ್ಮ ಅಮ್ಮ ಒಂದು ಕೊಡ ತಾನು ತೆಗೆದುಕೊಂಡು, ಇನ್ನೊಂದನ್ನು ನನ್ನ ಕಡೆಗೆ ಸರಿಸಿ, "ಬಾ ಹೋಗಾಣ" ಎಂದಳು.

ನಿಮ್ಮಲ್ಲಿ ಚಿಕ್ಕವನು ಹುಟ್ಟಿದ ಮೇಲೆ ಈಗಿರುವ ಕರೆಂಟಿನ ಫಿಲ್ಟರ್ ಬಂತು. ಇದು ಫ್ಲೋರೈಡನ್ನೂ ಹಿಡಿಯುತ್ತದಂತೆ. ಒಂದು ಬಿಂದಿಗೆ ಒಳ್ಳೆಯ ನೀರು ಕೊಡಲು ಎರಡು ಮೂರು ಬಿಂದಿಗೆ ಹೊರಗೆ ಬಿಡುತ್ತದೆ. ಆ ಪೈಪಿನ ಕೆಳಗೆ ನಾನು 'ಬಕೆಟ್ಟು, ಬಕೆಟ್ಟು' ಎಂದು ಓಡಾಡುವುದನ್ನು ನೋಡಿ ನೀವು ನಗುತ್ತೀರಿ. ನಗಿರಿ. ನೀರುಗಂಟಿಯ ಹೆಂಡತಿ ನಾನು, ನೀರು ಸುಮ್ಮನೆ ಮೋರಿಗೆ ಹೋಗುವುದನ್ನು ನೋಡಲಾರೆ. ನೆಲ ಒರೆಸಲು ಆಗುತ್ತದೆ. ಆ ಬಕೆಟ್ಟಿನ ನೀರನ್ನು ಮಾತ್ರ ಯಾರೂ ಬಾಯಿಗೆ ಹಾಕಬಾರದು, ಬೇಡವಾದದ್ದೆಲ್ಲ ಅದರಲ್ಲೇ ಉಳಿದಿರುತ್ತದೆ. ಫಿಲ್ಟರಿನ ಪಕ್ಕದ ಗೂಡಿನಲ್ಲಿ ನಾನು ದಿನಾ ತುಂಬಿಸಿಡುವ ಹಿತ್ತಾಳೆ ಲೋಟ ಯಾರದೆಂದು ಈಗ ನಿಮಗೆ ಗೊತ್ತಾಯಿತು. ಅದನ್ನು ಚೆಲ್ಲಿ ಆಟ ಆಡಬೇಡಿ.

ನಿನ್ನೆಯ ಮಾತೊಂದು ಉಳಿದಿದೆ. ದೊಡ್ಡವಳಿಗೆ ಮುಂದಿನ ಹೊಸ ಹಲ್ಲು ಬಂದಿದೆಯಲ್ಲ, ಅದನ್ನು ನಿಮ್ಮ ಅಮ್ಮ ಇಷ್ಟು ದಿನ ನೋಡಿರಲಿಲ್ಲ. ನೋಡಲು ಹೆದರುತ್ತಿದ್ದಳು. ನಿನ್ನೆ ಬೆಳಿಗ್ಗೆ ಮಗುವನ್ನು ಕಿಟಕಿಯ ಬಿಸಿಲಿಗೆ ಎಳೆದುಕೊಂಡು, ಎರಡು ಕೈಯಲ್ಲೂ ಗಲ್ಲ ಹಿಡಿದು, "ಆ ಅನ್ನು" ಎಂದಳು. ತುಂಬ ಹೊತ್ತು ನೋಡಿದಳು. ಗೆರೆಯಿಲ್ಲ, ಮಚ್ಚೆಯಿಲ್ಲ. ಆಮೇಲೆ ನಕ್ಕಳು. ಎರಡು ಕೈಯೂ ಮಗುವಿನ ಗಲ್ಲದ ಮೇಲಿದ್ದವು.

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಹಲ್ಲನ್ನು ಬಿಸಿಲಿನಲ್ಲಿ ಪೂರ್ತಿ ಕಂಡೆ. ಕಂದು ಗೆರೆಗಳು, ಮುಂದಿನ ಎರಡರಲ್ಲಿ ಗುಳಿಗಳು. ನಾನು ಬೇರೆ ಕಡೆ ನೋಡಲಿಲ್ಲ. ಅವಳು ನನ್ನ ಕಡೆ ತಿರುಗಿದಾಗಲೂ ನೋಡುತ್ತಲೇ ಇದ್ದೆ.